ಲಿಂಗದ ಜಾಗದಲ್ಲಿ ವಿಭೂತಿ

ಮೊದಲು ನೋಡಿದ್ದು ನಾನಲ್ಲ, ನನ್ನ ಕ್ಲಿನಿಕ್ಕಿನ ನರ್ಸು. ನಾನು ಹಲ್ಲಿನ ಡಾಕ್ಟರು. ತ್ರಿಪ್ಲಿಕೇನಿನ ಲಾಡ್ಜುಗಳ ಸಾಲಿನ ನಡುವೆ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ನನ್ನ ಕ್ಲಿನಿಕ್ಕು ಇದೆ. ಆ ಬೆಳಗ್ಗೆ ಲಾಡ್ಜಿನಿಂದ ಬಂದಿದ್ದ ಒಬ್ಬರ ದವಡೆ ಹಲ್ಲು ಕೊರೆಯುತ್ತಿದ್ದೆ. ನರ್ಸು ಹತ್ತಿರ ಬಂದು, ಮೇಡಂ, ನಿಮ್ಮ ಕೊರಳ ಹತ್ತಿರದಿಂದ ಬೆಳ್ಳಗೆ ಏನೋ ಇಳಿಯುತ್ತಿದೆ ಎಂದು ತಮಿಳಿನಲ್ಲಿ ಪಿಸುಗುಟ್ಟಿದಳು. ಹಲ್ಲಿಗೆ ತುಂಬುವ ಪುಡಿ ಚೆಲ್ಲಿಕೊಂಡಿರಬೇಕು ಎಂದುಕೊಂಡು ಸುಮ್ಮನಾದೆ. ಕೆಲಸ ಮುಗಿಸಿ ಒಳಗಿನ ಕೋಣೆಗೆ ಹೋಗಿ ಕನ್ನಡಿ ನೋಡಿಕೊಂಡರೆ ಕುರ್ತಾದ ಎದೆಯ ಭಾಗವೆಲ್ಲ ಬೆಳ್ಳನೆಯ ಕೆಸರು. ಚೆನ್ನೈನ ಬೆವರಿಗೆ ಏನೋ ಕರಗಿ ಹರಿಯುತ್ತಿತ್ತು.

ಕೊರಳಲ್ಲಿದ್ದ ಲಿಂಗವಸ್ತ್ರವನ್ನು ಹೊರಗೆ ಎಳೆದೆ. ಅದು ಒದ್ದೆಯಾಗಿತ್ತು. ಗಂಟು ಬಿಚ್ಚಿದೆ. ಒಳಗೆ ಲಿಂಗವಿರಲಿಲ್ಲ. ಲಿಂಗ ಇರಬೇಕಾದ ಜಾಗದಲ್ಲಿ ವಿಭೂತಿಯ ಗಟ್ಟಿಯೊಂದು ಅರ್ಧ ಕರಗಿ ಕೂತಿತ್ತು.

ನಮ್ಮದು ಲಿಂಗಾಯತರ ಮನೆ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುವವರು ನಾವು. ಬೆಳಗ್ಗೆ ಸ್ನಾನವಾದ ಮೇಲೆ ಅದನ್ನು ಬಿಚ್ಚಿ, ಎಡ ಅಂಗೈಯಲ್ಲಿ ಇಟ್ಟುಕೊಂಡು, ವಿಭೂತಿ ಧರಿಸಿ, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕೂರಬೇಕು. ಹೂವು, ನೀರು, ಮಂತ್ರ ಎಲ್ಲ ಇದ್ದರೂ ಪೂಜೆ ಎಂದರೆ ಮುಖ್ಯವಾಗಿ ನೋಡುವುದೇ. ಲಿಂಗ ಕಳೆದರೆ ಪ್ರಾಣವೇ ಹೋದಂತೆ ಎಂದು ನಂಬಿದ್ದ ಹಿರಿಯರನ್ನು ಕಣ್ಣಾರೆ ಕಂಡವಳು ನಾನು. ಅಂಥ ಮನೆಯ ನಾನು ಪೂಜೆ ಮಾಡಿ, ಲಿಂಗವನ್ನು ಎಲ್ಲೋ ಬಿಟ್ಟು, ವಿಭೂತಿಯ ಗಟ್ಟಿಯನ್ನು ಭಕ್ತಿಯಿಂದ ಕಟ್ಟಿಕೊಂಡು, ತಾಂಬರಂನಿಂದ ಎಲೆಕ್ಟ್ರಿಕ್ ರೈಲು ಹಿಡಿದು ಕೆಲಸಕ್ಕೆ ಬಂದುಬಿಟ್ಟಿದ್ದೆ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಗ ನಗು ಬರಲಿಲ್ಲ, ಹೆದರಿಕೆಯಾಯಿತು. ಕಾರಣ ಲಿಂಗವಲ್ಲ. ಲಿಂಗ ಮನೆಯ ಪೂಜೆಯ ಮಣೆಯ ಮೇಲೇ ಇರುತ್ತದೆ ಎಂದು ಗೊತ್ತಿತ್ತು. ಹೆದರಿಸಿದ್ದು ಬೇರೆ. ಆ ಬೆಳಗಿನ ಪೂಜೆಯನ್ನು ನೆನೆಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಮಣೆಯ ಮೇಲೆ ಕೂತದ್ದು, ಬಿಚ್ಚಿದ್ದು, ಕಟ್ಟಿದ್ದು ಒಂದೂ ಇಲ್ಲ. ಹೋಗಲಿ, ನಿನ್ನೆಯ ಪೂಜೆ? ಅದೂ ಇಲ್ಲ. ಬೆಳಗ್ಗೆ ಏನು ತಿಂದೆ? ರೈಲಿನಲ್ಲಿ ಕೂತು ಬಂದೆನೋ ನಿಂತು ಬಂದೆನೋ? ಎಗ್ಮೋರಿನಲ್ಲಿ ಇಳಿದು ಬಸ್ಸು ಹತ್ತಿದೆನೋ ಆಟೋದಲ್ಲಿ ಬಂದೆನೋ? ಎಲ್ಲಿ ಕೈಯಾಡಿಸಿದರೂ ಖಾಲಿ. ಎದುರಿನ ಕನ್ನಡಿಯಲ್ಲಿ ನನ್ನ ಮುಖ ಅವ್ವನ ಮುಖದ ಹಾಗೆಯೇ ಕಾಣಿಸಿತು.

ನನ್ನ ಅವ್ವನಿಗೆ ಮರೆವಿನ ಕಾಯಿಲೆ. ಗದಗಿನ ಕಡೆಯ ಊರಿನಿಂದ ಮದುವೆಯಾಗಿ ಈ ಊರಿಗೆ ಬಂದು, ಅಪ್ಪನ ಸೀರೆ ವ್ಯಾಪಾರದ ಏಳುಬೀಳುಗಳ ನಡುವೆ ಸಂಸಾರ ಮಾಡಿ, ಒಂದು ದಿನಕ್ಕೂ ಯಾರಿಂದಲೂ ಹೇಳಿಸಿಕೊಳ್ಳದೆ ಬದುಕಿದವಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಅವಳ ಕಾಯಿಲೆ ಶುರುವಾದದ್ದೂ ಇಂಥದೇ ಒಂದು ಅದಲುಬದಲಿನಿಂದ. ಒಂದು ದಿನ ವಾಷಿಂಗ್ ಮಶೀನಿಗೆ ಸೋಪಿನ ಪುಡಿಯ ಬದಲು ಜೋಳದ ಹಿಟ್ಟು ಹಾಕಿದಳು. ಬಟ್ಟೆಗಳೆಲ್ಲ ಅಂಟಿಕೊಂಡು ಹೊರಬಂದವು. ನಾವು ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕೆವು, ಅವ್ವನೂ ನಕ್ಕಳು. ಬಂದುಹೋದ ನೆಂಟರಿಗೆಲ್ಲ ಆ ಕಥೆ ಹೇಳಿದೆವು. ಆಮೇಲೆ ನಗುವುದು ನಿಂತಿತು. ಅವಳ ಅಕ್ಕನಿಗೂ ಇದೇ ಕಾಯಿಲೆ ಬಂದು, ಕೊನೆಗೆ ನುಂಗುವುದನ್ನೂ ಮರೆತು ತೀರಿಕೊಂಡರು. ಹಾಗಾದರೆ ಮುಂದಿನ ಸರದಿ ನನ್ನದು ಎನ್ನುವ ಲೆಕ್ಕ ನನ್ನ ತಲೆಯಲ್ಲಿ ಎಂದಿನಿಂದಲೋ ಕೂತಿತ್ತು. ಅವತ್ತು ಆ ಸರದಿ ಬಂದೇ ಬಿಟ್ಟಿತು ಎನಿಸಿತು.

ಸಂಜೆ ರೈಲಿನಲ್ಲಿ ಕಣ್ಣು ಮುಚ್ಚಿ ನಿಲ್ದಾಣಗಳ ಹೆಸರು ಒಪ್ಪಿಸಿಕೊಂಡೆ. ಗಿಂಡಿ, ಪರಂಗಿಮಲೈ, ಪಳವಂತಾಂಗಲ್, ಮೀನಂಬಾಕ್ಕಂ. ತಪ್ಪಲಿಲ್ಲ. ಧೈರ್ಯ ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅವ್ವನಿಗೆ ಈಗಲೂ ತನ್ನ ಊರಿನ ಓಣಿಯ ಮನೆಗಳನ್ನು ಸಾಲಾಗಿ ಹೇಳಲು ಬರುತ್ತದೆ. ಮಧ್ಯಾಹ್ನ ಉಂಡದ್ದು ಮಾತ್ರ ಗೊತ್ತಿರುವುದಿಲ್ಲ.

ಮನೆಗೆ ಬಂದಾಗ ಅವ್ವ ದೇವರ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಲಿಂಗ ಅವಳ ಕೊರಳಲ್ಲಿತ್ತು. ಅಂಗೈಯಲ್ಲಿ ನನ್ನದಿತ್ತು. ಅದಕ್ಕೆ ಒಂದು ಮಲ್ಲಿಗೆ ಹೂವು ಬೇರೆ ಇಟ್ಟಿದ್ದಳು. ಹಗಲು ಅವಳನ್ನು ನೋಡಿಕೊಳ್ಳುವ ಹೆಂಗಸು, ಅಜ್ಜಿ ಮಧ್ಯಾಹ್ನದಿಂದ ಅದನ್ನು ಕೆಳಗೆ ಇಟ್ಟೇ ಇಲ್ಲ ಎಂದು ದೂರಿದಳು. ನಾನು ಹತ್ತಿರ ಕೂತೆ. ಅವ್ವ ಕಣ್ಣು ತೆಗೆಯದೆ ಹೇಳಿದಳು.

"ಇದ ಯಾರದೋ ಏನೋ. ಪಾಪ, ಬಿಟ್ಟ ಹೋಗ್ಯಾರ. ಅವರು ಬರೂತನಕ ನಾ ನೋಡ್ಕೋತೇನಿ."

ಅದು ನಂದು, ಕೊಡು ಎಂದೆ. ಅವ್ವ ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಮಾತು ನಂಬುವ ಹಾಗೆ ಕಾಣಲಿಲ್ಲ.

"ನಿಂದಾಗಿದ್ರ ನಿನ್ನ ಕೊಳ್ಳಾಗ ಇರ್ತಿತ್ತಲ್ಲ" ಎಂದಳು.

ಊಟಕ್ಕೆ ಕೂತಾಗ ಕೈ ಖಾಲಿ ಮಾಡಬೇಕಾಯಿತಲ್ಲ, ಆಗ ತಾನಾಗಿಯೇ ನನ್ನ ಕೈಗಿಟ್ಟಳು, ಜೋಪಾನವಾಗಿ ಇಟ್ಟುಕೋ ಎಂದು ಎಚ್ಚರಿಸಿದಳು.

ನಾನು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಅವರ ಕೆಲಸ ಎಣ್ಣೂರಿನ ಬಂದರಿನ ಕಡೆ, ಮನೆ ಇರುವುದು ತಾಂಬರಂನಲ್ಲಿ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರುವುದರಲ್ಲೇ ಅವರ ಅರ್ಧ ಪ್ರಾಣ ಹೋಗಿರುತ್ತದೆ. ಮನೆಗೆ ಬಂದವರ ಮುಂದೆ ಇದನ್ನು ಎತ್ತುವುದು ಹೇಗೆ? ಇನ್ನೂ ನಿಜ ಹೇಳಬೇಕೆಂದರೆ, ಹೇಳಿದರೆ ಅದು ಖಾಯಂ ಆಗಿಬಿಡುತ್ತದೆ ಎಂಬ ದಿಗಿಲು. ಅವ್ವನನ್ನು ನಾವು ನೋಡುವ ರೀತಿ ನನಗೆ ಗೊತ್ತಿತ್ತು. ಅವಳು ಒಂದು ಮಾತು ತಡವರಿಸಿದರೆ ಸಾಕು, ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಆ ನೋಟ ನನ್ನ ಕಡೆಗೂ ತಿರುಗುವುದು ನನಗೆ ಬೇಡವಾಗಿತ್ತು.

ಅಲ್ಲಿಂದ ನಾನು ನನ್ನನ್ನೇ ಕಾಯುವ ಪೊಲೀಸಾದೆ. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದು ಮತ್ತೆ ಹತ್ತಿ ನೋಡುವುದು, ಗ್ಯಾಸ್ ಆರಿಸಿದ್ದನ್ನು ಮುಟ್ಟಿ ನೋಡುವುದು. ಕ್ಲಿನಿಕ್ಕಿನಲ್ಲಿ ಭಯ ಇನ್ನೂ ಹೆಚ್ಚು. ಇಕ್ಕಳ ಹಿಡಿದು ನಿಂತಾಗ, ಕೀಳಬೇಕಾದದ್ದು ಎಡಗಡೆಯದೋ ಬಲಗಡೆಯದೋ ಎಂದು ಒಮ್ಮೆಗೇ ಅನುಮಾನ. ಎಕ್ಸ್‌ರೇ ನೋಡುವೆ, ರೋಗಿಯನ್ನು ಕೇಳುವೆ, ಮತ್ತೆ ಎಕ್ಸ್‌ರೇ ನೋಡುವೆ. ಬಾಯಿ ತೆರೆದುಕೊಂಡು ಮಲಗಿದ ಮನುಷ್ಯ ಪಾಪ ಬೆರಳಿಟ್ಟು ತೋರಿಸಬೇಕು. ಹಲ್ಲಿನ ಡಾಕ್ಟರಿಗೇ ಹಲ್ಲು ಯಾವುದೆಂದು ರೋಗಿ ತೋರಿಸುವ ಕ್ಲಿನಿಕ್ಕು ಎಂದು ಲಾಡ್ಜುಗಳಲ್ಲೆಲ್ಲ ಸುದ್ದಿಯಾದರೆ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ. ನರ್ಸು ನನ್ನ ಕೈಗೆ ಏನನ್ನೇ ಕೊಡುವಾಗಲೂ ಅದರ ಹೆಸರು ಗಟ್ಟಿಯಾಗಿ ಹೇಳಿಯೇ ಕೊಡತೊಡಗಿದಳು. ಅದು ನನ್ನನ್ನು ಮತ್ತಷ್ಟು ಹೆದರಿಸಿತು.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಗಳಿಂದ. ಅವಳು ಕಾಲೇಜಿಗೆ ಹೋಗುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಒಂದು ದಿನ ಅವಳು ಎಂದಿಗಿಂತ ಬೇಗ ಹೊರಟಳು. ಯಾಕಿಷ್ಟು ಬೇಗ ಎಂದು ಕೇಳಿದೆ. ಗೆಳತಿಯರೆಲ್ಲ ಈ ರೈಲಿಗೆ ಹೋಗುತ್ತಾರೆ, ಅವರ ಜೊತೆ ಹೋಗುತ್ತೇನೆ ಎಂದಳು. ಅದೇನು ಹೊಸದಾಗಿ ಎಂದೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ನಿಂತಳು. ಒಬ್ಬ ಗಂಡಸು ಕೆಲವು ದಿನಗಳಿಂದ ತಾಂಬರಂನಿಂದ ತನ್ನನ್ನು ಹಿಂಬಾಲಿಸುತ್ತಿದ್ದನೆಂದೂ, ತಾನು ಇಳಿದಲ್ಲೇ ಇಳಿಯುತ್ತಿದ್ದನೆಂದೂ, ಅದನ್ನು ತಾನು ಆಗಲೇ ನನಗೆ ತಿಳಿಸಿದ್ದಾಗಿಯೂ ಹೇಳಿದಳು. ಯಾವಾಗ ಹೇಳಿದೆ ಎಂದೆ.

"ಅಮ್ಮಾ, ಕಿಚನ್ನಲ ವೆಚ್ಚು ಸೊನ್ನೇನೇ. ಲೇಡೀಸ್ ಕಂಪಾರ್ಟ್‌ಮೆಂಟ್ಲ ಪೋ, ಅವನ್ ಮೂಂಜಿಯ ಪಾಕ್ಕಾದೇನ್ನು ನೀದಾನೇ ಸೊನ್ನೆ" ಎಂದಳು.

ಅಡುಗೆ ಮನೆಯಲ್ಲಿ ಹೇಳಿದ್ದಳಂತೆ. ಹೆಂಗಸರ ಡಬ್ಬಿಯಲ್ಲಿ ಹೋಗು, ಅವನ ಮುಖ ನೋಡಬೇಡ ಎಂದು ನಾನೇ ಬುದ್ಧಿವಾದ ಹೇಳಿದ್ದೆನಂತೆ. ನನಗೆ ಒಂದಕ್ಷರವೂ ನೆನಪಿಲ್ಲ. ಅವನೀಗ ಕಾಣಿಸುವುದಿಲ್ಲ, ನಾವು ಗುಂಪಾಗಿ ಹೋಗಲು ಶುರು ಮಾಡಿದ ಮೇಲೆ ಮಾಯವಾದ, ಚಿಂತೆ ಬೇಡ ಎಂದು ಹೇಳಿ ಅವಳು ಹೊರಟುಹೋದಳು. ನಾನು ಬಾಗಿಲಲ್ಲೇ ಕೂತುಬಿಟ್ಟೆ. ನನ್ನ ಹುಡುಗಿ ಅಷ್ಟು ದಿನ ಹೆದರಿಕೊಂಡು ಓಡಾಡಿದ್ದಾಳೆ. ತಾಯಿಗೆ ಹೇಳಿಯೂ ಇದ್ದಾಳೆ. ಆ ತಾಯಿ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾಳೆ. ಆದರೆ ಆ ತಾಯಿ ನಾನಲ್ಲ. ನನ್ನ ಧ್ವನಿಯಲ್ಲಿ ಮಾತಾಡಿದವಳು ಯಾರು?

ಹಲ್ಲಿನ ಡಾಕ್ಟರುಗಳ ಸಭೆ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಮಿದುಳಿನ ಡಾಕ್ಟರ ಹತ್ತಿರ ಹೋದೆ. ಅವ್ವನನ್ನು ತೋರಿಸುವವರ ಹತ್ತಿರ ಅಲ್ಲ, ಬೇರೆಯವರ ಹತ್ತಿರ. ವಯಸ್ಸಾದ ತಮಿಳು ಹೆಂಗಸು, ಕಡಿಮೆ ಮಾತು. ಐದು ಶಬ್ದ ಹೇಳಿ ನೆನಪಿಡಿ ಎಂದರು. ಹಿಮ್ಮುಖವಾಗಿ ಎಣಿಸಲು ಹೇಳಿದರು. ಆಮೇಲೆ ಒಂದು ಬಿಳಿ ಹಾಳೆ ಕೊಟ್ಟು ಗಡಿಯಾರ ಬರೆಯಿರಿ ಎಂದರು. ಅವ್ವ ಇದೇ ಗಡಿಯಾರ ಬರೆದದ್ದನ್ನು ಪಕ್ಕದಲ್ಲಿ ಕೂತು ನೋಡಿದ್ದೆ. ವೃತ್ತ ದುಂಡಗೆ ಬರೆದು, ಎಲ್ಲ ಅಂಕಿಗಳನ್ನೂ ಒಂದೇ ಪಕ್ಕಕ್ಕೆ ಒತ್ತೊತ್ತಾಗಿ ತುಂಬಿ, ಚೆನ್ನಾಗಿ ಬಂದಿದೆಯಾ ಎಂದು ನನ್ನ ಮುಖ ನೋಡಿದ್ದಳು. ನಾನು ಹನ್ನೆರಡನ್ನು ಮೇಲೆ ಬರೆದೆ, ಆರನ್ನು ಕೆಳಗೆ ಬರೆದೆ. ಪರೀಕ್ಷೆಯಲ್ಲಿ ಪಕ್ಕದವರದು ಕದ್ದು ನೋಡುವವಳ ಹಾಗೆ ಗಡಿಯಾರಕ್ಕಾಗಿ ಗೋಡೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿದೆ. ಅಲ್ಲಿ ಗಡಿಯಾರವೇ ಇರಲಿಲ್ಲ. ಅವರೇನು ಕಡಿಮೆ ಬುದ್ಧಿವಂತರೇ.

ತಲೆಯ ಸ್ಕ್ಯಾನೂ ಆಯಿತು. ಅದನ್ನೆಲ್ಲ ಮುಂದಿಟ್ಟುಕೊಂಡು ಡಾಕ್ಟರು, ಎಲ್ಲ ಚೆನ್ನಾಗಿದೆ ಎಂದರು. ನಾನು ನಂಬಲಿಲ್ಲ. ಲಿಂಗದ ವಿಷಯ ಹೇಳಿದೆ, ಮಗಳ ವಿಷಯ ಹೇಳಿದೆ. ಅವರು ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತ ಹೋದರು. ಆಗ ನೀವು ಇನ್ನೇನು ಮಾಡುತ್ತಿದ್ದಿರಿ?

ಪೂಜೆಯ ಹೊತ್ತಿಗೆ ಫೋನನ್ನು ಸ್ಪೀಕರಿನಲ್ಲಿಟ್ಟು, ಕ್ಲಿನಿಕ್ಕಿನ ಕುರ್ಚಿ ರಿಪೇರಿಗೆ ಬರುತ್ತೇನೆಂದು ಬಾರದವನ ಜೊತೆ ಜಗಳ ಮಾಡುವುದು, ಕಿವಿ ಕುಕ್ಕರಿನ ಸೀಟಿಯ ಕಡೆಗೆ. ಅದು ಅವತ್ತಿನದೋ ಹಿಂದಿನ ದಿನದ್ದೋ ಗೊತ್ತಿಲ್ಲ, ದಿನವೂ ಒಂದಲ್ಲ ಒಂದು ಹಾಗೆಯೇ. ಮಗಳು ಮಾತಾಡುವಾಗ ಒಂದು ಕೈಯಲ್ಲಿ ಒಗ್ಗರಣೆ, ಇನ್ನೊಂದರಲ್ಲಿ ರೋಗಿಗಳಿಗೆ ಮೆಸೇಜು ಬರೆಯುತ್ತಿದ್ದಿರಬೇಕು. ರೈಲಿನಲ್ಲಿ ಕಿವಿಗೆ ಇಯರ್‌ಫೋನು, ಕಣ್ಣೆದುರು ಮರುದಿನದ ಎಕ್ಸ್‌ರೇಗಳು. ನಾನು ಹೇಳುತ್ತ ಹೋದಂತೆ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

"ನೀಂಗ ಎದಯುಂ ಮರಕ್ಕಲ, ಡಾಕ್ಟರ್. ನೀಂಗ ಅಂಗ ಇರುಕ್ಕವೇ ಇಲ್ಲ."

ನೀವು ಏನನ್ನೂ ಮರೆತಿಲ್ಲ, ನೀವು ಅಲ್ಲಿ ಇರಲೇ ಇಲ್ಲ. ಇಟ್ಟಿದ್ದರೆ ತಾನೇ ಕಳೆಯುವುದು ಎಂಬ ಧಾಟಿ. ತಾಯಿಯ ಕಾಯಿಲೆ ಮುಂದೆ ನನಗೆ ಬರುತ್ತದೆಯೇ ಎಂದು ಕೇಳಿದೆ. ಬರಬಹುದು, ಬಾರದೆಯೂ ಇರಬಹುದು, ಅದನ್ನು ಯಾರೂ ಹೇಳಲಾರರು ಎಂದು ಅಷ್ಟೇ ಶಾಂತವಾಗಿ ಹೇಳಿ ಮುಂದಿನವರನ್ನು ಕರೆದರು.

ಹೊರಗೆ ಬಂದಾಗ ಕುಣಿಯುವಷ್ಟು ಹಗುರವಾಗಿತ್ತು. ಎಗ್ಮೋರಿನಲ್ಲಿ ರೈಲು ಹತ್ತುವ ಮುಂಚೆ ಖುಷಿಗೆ ಒಂದು ಪೊಟ್ಟಣ ಸುಂಡಲ್ ಕೊಂಡೆ. ಬಿಸಿ ಕಡಲೆ, ಮೇಲೆ ಕಾಯಿತುರಿ, ಮಾವಿನಕಾಯಿ ಚೂರು. ನನಗೆ ಬಹಳ ಇಷ್ಟ. ಮಾಂಬಲಂ ದಾಟುವಾಗ ಕೈಯಲ್ಲಿ ಖಾಲಿ ಕಾಗದವಿತ್ತು. ತಿಂದು ಮುಗಿಸಿದ್ದೆ. ಉಪ್ಪು ಇತ್ತೋ ಇಲ್ಲವೋ ಕೇಳಿದರೆ ಹೇಳಲಾರೆ. ತಿನ್ನುವಷ್ಟು ಹೊತ್ತೂ ಗಂಡನಿಗೆ ಈ ಸುದ್ದಿಯನ್ನು ಹೇಗೆ ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಆ ಖಾಲಿ ಕಾಗದ ನೋಡುತ್ತಿದ್ದಂತೆ ಹಗುರವೆಲ್ಲ ಇಳಿದುಹೋಯಿತು.

ಕಾಯಿಲೆಯಾಗಿದ್ದರೆ ನೆನಪು ಈಗಿನಿಂದ ಮುಂದಕ್ಕೆ ಕಳೆಯುತ್ತ ಹೋಗುತ್ತಿತ್ತು. ನಾನು ಅಲ್ಲಿ ಇರದಿರುವುದು ಹಾಗಲ್ಲ, ಅದು ಹಿಂದಕ್ಕೂ ಕೈ ಹಾಕಿತ್ತು. ಕೂತಲ್ಲೇ ಹುಡುಕಿದೆ. ಮಗಳ ಮೊದಲ ಮಾತು ಕನ್ನಡದಲ್ಲಿತ್ತೋ ತಮಿಳಿನಲ್ಲಿತ್ತೋ? ಅಪ್ಪ ಆಸ್ಪತ್ರೆಗೆ ಹೋಗುವ ಮುಂಚಿನ ದಿನ ಮನೆಯಲ್ಲಿ ನನ್ನ ಹತ್ತಿರ ಏನೋ ಕೇಳಿದ್ದರು, ಏನದು? ಕೊನೆಗೆ ಅವ್ವ. ಅವ್ವ ಅವ್ವನಾಗಿಯೇ ಇದ್ದಾಗ, ಹಿಟ್ಟು ಸೋಪಿನ ಪುಡಿ ಅದಲುಬದಲಾಗುವ ಮುಂಚೆ, ನಮ್ಮಿಬ್ಬರ ನಡುವೆ ನಡೆದ ಕೊನೆಯ ನೆಟ್ಟಗಿನ ಮಾತು ಯಾವುದು? ಇದ್ದೇ ಇರಬೇಕು. ಒಂದು ಮಧ್ಯಾಹ್ನ ಊಟ ಮಾಡುತ್ತಲೋ, ಬಟ್ಟೆ ಮಡಚುತ್ತಲೋ ಅವಳು ನನಗೆ ಏನೋ ಹೇಳಿರಬೇಕು. ನಾನು ಹೂಂ ಅಂದಿರಬೇಕು. ಅದು ಕೊನೆಯದೆಂದು ಆಗ ಯಾರಿಗೆ ಗೊತ್ತಿತ್ತು? ಎಷ್ಟು ಹುಡುಕಿದರೂ ಸಿಗಲಿಲ್ಲ. ಕಾಯಿಲೆ ಬಂದಿದ್ದು ಅವಳಿಗೆ, ಆ ಮಾತು ಇಲ್ಲದಿರುವುದು ನನ್ನ ತಲೆಯಲ್ಲಿ. ತಾಂಬರಂ ಬಂದಾಗಲೂ ಹುಡುಕುತ್ತಲೇ ಇದ್ದೆ.

ಹೆದರಿದವರಿಗೆ ಉತ್ಸಾಹ ಜಾಸ್ತಿ. ಇನ್ನು ಮೇಲೆ ಎಲ್ಲವನ್ನೂ ಗಮನವಿಟ್ಟು ಮಾಡುತ್ತೇನೆ, ಒಂದು ತುತ್ತನ್ನೂ ಸುಮ್ಮನೆ ನುಂಗುವುದಿಲ್ಲ ಎಂದು ಹಟ ಹಿಡಿದೆ. ಮರುದಿನ ಮಧ್ಯಾಹ್ನ ಕ್ಲಿನಿಕ್ಕಿನ ಕೆಳಗಿನ ಮೆಸ್ಸಿಗೆ ಹೋಗಿ, ಫೋನು ಚೀಲದೊಳಗೆ ಹಾಕಿ, ಬಾಳೆ ಎಲೆಯ ಮುಂದೆ ಕೂತೆ. ಸಾರು ನೋಡಿದೆ. ಅದರ ಬಣ್ಣ, ಮೇಲೆ ತೇಲುವ ಕೊತ್ತಂಬರಿ, ಇಂಗಿನ ಘಮ. ಬಡಿಸುವವರು ಕುಂದಾಪುರದ ಕಡೆಯವರು, ನಾನು ಕನ್ನಡದವಳೆಂದು ಗೊತ್ತು. ಎರಡು ಸಲ ಹಾದುಹೋಗಿ ಮೂರನೆಯ ಸಲ ನಿಂತೇ ಬಿಟ್ಟರು. ಸಾರಿನಲ್ಲಿ ಎಂತಾದರೂ ಬಿದ್ದಿದೆಯಾ ಮೇಡಂ, ಬೇರೆ ತರಲಾ ಎಂದು ಮೆಲ್ಲಗೆ ಕೇಳಿದರು. ಅವರ ಮುಖದಲ್ಲಿದ್ದ ಗಾಬರಿ ನೋಡಿ ಬೇಗ ಬೇಗ ಉಂಡು ಎದ್ದೆ.

ಬೆಳಗಿನ ಪೂಜೆಗೆ ಫೋನನ್ನು ಮಗಳ ಕೋಣೆಯಲ್ಲಿಟ್ಟು ಬಂದೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನಿಜವಾಗಿ ನೋಡಿದೆ. ಕಪ್ಪನೆಯ ಹೊಳಪಿನಲ್ಲಿ ಕಿಟಕಿಯ ಬೆಳಕು ಸಣ್ಣಗೆ ಕಾಣುತ್ತಿತ್ತು. ಅದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಈಗ ಮನಸ್ಸು ತಿಳಿಯಾಗುತ್ತದೆ ಎಂದು ಕಾದೆ. ಸುಮ್ಮನೆ ಕೂತ ಕೂಡಲೇ ಬಂದದ್ದು ಶಾಂತಿಯಲ್ಲ, ಭಯ. ಅವ್ವನ ಕಾಯಿಲೆಯ ಭಯ, ಮಗಳನ್ನು ರೈಲಿನಲ್ಲಿ ಮತ್ತೆ ಯಾರಾದರೂ ಹಿಂಬಾಲಿಸುವ ಭಯ, ಅಷ್ಟು ಓಡಾಡುವ ಗಂಡನಿಗೆ ಒಂದು ದಿನ ಎದೆನೋವು ಬರುವ ಭಯ, ನಾನೊಂದು ದಿನ ನುಂಗುವುದನ್ನು ಮರೆಯುವ ಭಯ. ಎಲ್ಲ ಹೊಸ್ತಿಲಲ್ಲಿ ಕಾದು ನಿಂತಿದ್ದವು, ಬಾಗಿಲು ತೆರೆದದ್ದೇ ತಡ ಒಳಗೆ ಬಂದವು. ಬಹುಶಃ ಇಷ್ಟು ವರ್ಷ ನಾನು ಒಂದರ ಮೇಲೊಂದು ಕೆಲಸ ಹೇರಿಕೊಂಡು ಓಡಿದ್ದು ಇವುಗಳಿಂದ ತಪ್ಪಿಸಿಕೊಳ್ಳಲಿಕ್ಕೇ. ಅವತ್ತು ಪೂಜೆಯಿಂದ ಏಳುವಾಗ ಬೆನ್ನು ಬೆವತಿತ್ತು.

ಮರೆವಿನವರು ಪುಣ್ಯವಂತರು, ನಿನ್ನೆ ನಾಳೆಗಳ ಹಂಗಿಲ್ಲದೆ ಈ ಕ್ಷಣದಲ್ಲಿ ಇರುತ್ತಾರೆ ಎಂದು ಹೇಳುವವರಿದ್ದಾರೆ. ನಮ್ಮ ನೆಂಟರಲ್ಲೇ ಇದ್ದಾರೆ. ಅವರನ್ನು ಒಂದು ಸಂಜೆ ನಮ್ಮ ಮನೆಗೆ ಕಳಿಸಬೇಕು. ದೀಪ ಹಚ್ಚುವ ಹೊತ್ತಾಗುತ್ತಿದ್ದಂತೆ ಅವ್ವನಿಗೆ ದಿಗಿಲು ಹತ್ತುತ್ತದೆ. ಇದು ಯಾರ ಮನೆ, ತನ್ನನ್ನು ಇಲ್ಲಿ ಯಾಕೆ ಕೂರಿಸಿದ್ದಾರೆ, ಕತ್ತಲಾಗುವುದರೊಳಗೆ ಊರು ಸೇರಬೇಕು ಎಂದು ಸೀರೆಯ ಗಂಟು ಕಟ್ಟಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾಳೆ. ಕೈ ಹಿಡಿದರೆ ಅವಳ ನಾಡಿ ಓಡುತ್ತಿರುತ್ತದೆ. ಆ ಕ್ಷಣದಿಂದ ಆಚೆಗೆ ಅವಳಿಗೆ ದಾರಿಯೇ ಇಲ್ಲ. ಹಾಗೆಂದು ಬೆಳಗಿನ ಅವ್ವನನ್ನು ನೋಡಿದರೆ ಬೇರೆಯೇ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಅದರ ಬಿಸಿಯನ್ನು ಕೆನ್ನೆಗೆ ತಾಗಿಸಿಕೊಂಡು, ಆಮೇಲೆ ಕುಡಿಯುತ್ತಾಳೆ. ದಿನವೂ ಅದು ಅವಳ ಮೊದಲ ಕಾಫಿ. ನಾನು ಎರಡನ್ನೂ ನೋಡತೊಡಗಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ನೋಡಲು ಆಗುತ್ತಿರಲಿಲ್ಲ.

ಅದಾಗಿ ಸ್ವಲ್ಪ ಕಾಲದ ಮೇಲೆ ಒಂದು ಭಾನುವಾರ. ಗಂಡ ತರಕಾರಿಗೆ ಹೋಗಿದ್ದರು, ಮಗಳು ಇನ್ನೂ ಎದ್ದಿರಲಿಲ್ಲ. ನಾನು ತಲೆಗೆ ನೀರು ಹಾಕಿಕೊಂಡು ಬಾಲ್ಕನಿಯ ನೆಲದ ಮೇಲೆ ಕೂದಲು ಹರವಿಕೊಂಡು ಕೂತಿದ್ದೆ. ಅವ್ವ ಒಳಗಿನಿಂದ ಬಾಚಣಿಗೆ, ಎಣ್ಣೆಯ ಬಾಟಲಿ ಹಿಡಿದುಕೊಂಡು ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ. ಬಾ, ಹೆರಳು ಹಾಕುತ್ತೇನೆ ಎಂದು ಕುರ್ಚಿಯಲ್ಲಿ ಕೂತು, ನನ್ನ ಭುಜಗಳನ್ನು ತನ್ನ ಮೊಣಕಾಲುಗಳ ನಡುವೆ ಒತ್ತಿ ಹಿಡಿದಳು. ಶಾಲೆಗೆ ಹೋಗುವಾಗ ಹೀಗೇ ಹಿಡಿಯುತ್ತಿದ್ದಳು.

ಅವಳ ಕೈಗೆ ಏನೂ ಮರೆತಿರಲಿಲ್ಲ. ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿದಳು. ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದಳು, ಅದು ಹಣೆಯಿಂದ ಹಿಂದಕ್ಕೆ ಸಣ್ಣಗೆ ಚುಚ್ಚುತ್ತ ಹೋಯಿತು. ಸಿಕ್ಕು ಬಂದಲ್ಲಿ ಬುಡವನ್ನು ಬೆರಳಲ್ಲಿ ಹಿಡಿದುಕೊಂಡು, ನೋಯದಂತೆ ತುದಿಯಿಂದ ಬಿಡಿಸಿದಳು. ಒಳಗೆ ಫೋನು ಹೊಡೆದುಕೊಂಡಿತು. ಬಹಳ ಹೊತ್ತು ಹೊಡೆದುಕೊಂಡು ನಿಂತಿತು. ಕೆಳಗೆ ಬೀದಿಯಲ್ಲಿ ಹಳೇ ಸಾಮಾನು ಕೊಳ್ಳುವವನ ಗಾಡಿ ಮೈಕಿನಲ್ಲಿ ಕೂಗುತ್ತ ಹೋಯಿತು. ನನಗೆ ಎಲ್ಲಿಗೂ ಹೋಗಬೇಕು ಎನಿಸಲಿಲ್ಲ, ಮಾಡುವುದು ಏನೋ ಉಳಿದಿದೆ ಎನಿಸಲಿಲ್ಲ. ಮೂರು ಎಳೆಗಳು ಒಂದರ ಮೇಲೊಂದು ಬೀಳುವುದು ಬೆನ್ನಿಗೆ ಗೊತ್ತಾಗುತ್ತಿತ್ತು. ಇದೋ, ಇದರೊಳಗೆ ನಾನಿದ್ದೇನೆ, ಇದು ಎಲ್ಲಿಗೂ ಹೋಗುವುದಿಲ್ಲ ಎಂದು ಎಷ್ಟೋ ತಿಂಗಳ ಮೇಲೆ ಹೆದರಿಕೆಯಿಲ್ಲದೆ ಉಸಿರು ಬಿಟ್ಟೆ.

ಅವ್ವ ಹೆರಳಿನ ತುದಿಗೆ ಗಂಟು ಹಾಕುತ್ತ ಕೇಳಿದಳು.

"ನಿಮ್ಮವ್ವ ಎಲ್ಲಿರ್ತಾಳವಾ?"

ಅಲ್ಲಿಯತನಕ ಅವಳು ನನ್ನನ್ನು ತನ್ನ ಅಕ್ಕನ ಹೆಸರಿನಿಂದ ಕರೆದದ್ದಿದೆ, ಯಾವುದೋ ಸೋದರತ್ತೆ ಎಂದುಕೊಂಡದ್ದಿದೆ. ಯಾರೇ ಆದರೂ ತನ್ನವಳು ಎಂಬುದು ಮಾತ್ರ ತಪ್ಪಿರಲಿಲ್ಲ. ಈ ದನಿಯಲ್ಲಿ ನನ್ನ ಹತ್ತಿರ ಎಂದೂ ಮಾತಾಡಿರಲಿಲ್ಲ. ಪಕ್ಕದ ಮನೆಯ ಮಗುವನ್ನು ವಿಚಾರಿಸುವಷ್ಟು ಪ್ರೀತಿ ಅದರಲ್ಲಿತ್ತು, ಅಷ್ಟೇ ಇತ್ತು. ಎದ್ದು ಒಳಗೆ ಓಡಿ, ಆ ಫೋನು ಯಾರದೆಂದು ನೋಡಬೇಕು, ಯಾರಿಗಾದರೂ ಮಾಡಬೇಕು, ಏನಾದರೂ ಕೆಲಸ ಹಿಡಿಯಬೇಕು ಎನಿಸಿತು. ಒಂದೇ ಒಂದು ಸಲ ನಾನು ಪೂರ್ತಿಯಾಗಿ ಇದ್ದದ್ದು ಇದನ್ನು ಕೇಳುವುದಕ್ಕೆ.

"ಇಲ್ಲೇ ಇರ್ತಾಳ" ಎಂದೆ.

"ಇಲ್ಲೇ ಅಂದ್ರ, ಈ ಓಣ್ಯಾಗ?"

ಹೂಂ ಎಂದೆ.

"ಮತ್ತ ಇನ್ನೂ ಯಾಕ ಕುಂತಿ? ಹೆರಳಾತು, ಏಳು. ಲಗೂನ ಮನೀಗೆ ಹೋಗು. ಆಕಿ ದಾರಿ ನೋಡ್ತಿರ್ತಾಳ."

ಭುಜದ ಎರಡೂ ಬದಿಯ ಮೊಣಕಾಲುಗಳು ಸಡಿಲವಾದವು. ಅವ್ವ ಬಾಚಣಿಗೆಗೆ ಸಿಕ್ಕಿದ ಕೂದಲನ್ನು ತೆಗೆದು ಬೆರಳಿಗೆ ಸುತ್ತತೊಡಗಿದಳು. ನ್ಯಾಯವಾಗಿ ನಾನು ಏಳಬೇಕಿತ್ತು. ನಾನು ಕೈ ಹಿಂದೆ ಹಾಕಿ, ಅವಳು ಹಾಕಿದ ಗಂಟನ್ನು ಎಳೆದು, ಹೆರಳನ್ನು ಬುಡದತನಕ ಬಿಚ್ಚಿಬಿಟ್ಟೆ.

"ಸಡ್ಲ ಆಗೇತಿ" ಎಂದೆ. "ಇನ್ನೊಮ್ಮೆ ಹಾಕಬೇ."

ಅವ್ವ ಗೊಣಗುತ್ತ ಮತ್ತೆ ಎಣ್ಣೆಯ ಬಾಟಲಿ ತೆರೆದಳು. ಬೇರೆಯವರ ಮಗಳನ್ನು ಇಷ್ಟು ಹೊತ್ತು ಕೂರಿಸಿಕೊಂಡರೆ ಆ ತಾಯಿ ಏನೆಂದುಕೊಂಡಾಳು ಎಂದು ಅವಳಿಗೆ ಚಿಂತೆ. ನನಗೆ ಮೈ ನಡುಗುತ್ತಿತ್ತು. ಬೈತಲೆ ಸೊಟ್ಟಗಾಗಬಾರದೆಂದು ತಲೆ ಅಲುಗಿಸದೆ ಕೂತೆ.